ನಿದ್ರಿಸುವ ನಾಯಿಗಳಲ್ಲಿ ಏದುಸಿರು

ನಿದ್ರಿಸುವ ನಾಯಿಗಳಲ್ಲಿ ಏದುಸಿರು ಎಂದರೆ ನಾಯಿಯು ಮಲಗಿ ನಿದ್ರಿಸುತ್ತಿರುವಾಗ ಅದರ ಉಸಿರಾಟವು ವೇಗವಾಗಿ, ಪ್ರಯಾಸದಿಂದ ಅಥವಾ ಸಶಬ್ದವಾಗಿ ನಡೆಯುವ ಸ್ಥಿತಿ. ಇದು ಒಂದು ರೋಗದ ಹೆಸರಲ್ಲ. ಹಲವು ಕಾರಣಗಳಿಂದ ಹೊರಗೆ ಕಾಣಿಸಿಕೊಳ್ಳುವ ಒಂದು ಚಿಹ್ನೆ. ಕನಸಿನ ಹಂತದ ನಿದ್ರೆಯಲ್ಲಿ ಕೆಲವು ನಿಮಿಷಗಳ ಕಾಲ ಉಸಿರು ಏರುಪೇರಾಗುವುದು ಆರೋಗ್ಯವಂತ ನಾಯಿಗಳಲ್ಲಿಯೂ ಸಹಜವಾಗಿದೆ. ಆದರೆ ಶಾಂತವಾದ ಗಾಢ ನಿದ್ರೆಯಲ್ಲಿ ಉಸಿರಾಟದ ಗತಿಯು ನಿಮಿಷಕ್ಕೆ 30ನ್ನು ಮತ್ತೆ ಮತ್ತೆ ಮೀರುತ್ತಿದ್ದರೆ ಅದು ಹೃದಯ, ಶ್ವಾಸಕೋಶ ಅಥವಾ ರಕ್ತಕ್ಕೆ ಸಂಬಂಧಿಸಿದ ತೊಂದರೆಯ ಸೂಚನೆಯಾಗಿರಬಹುದು. ಹೃದ್ರೋಗವುಳ್ಳ ನಾಯಿಯ ಶ್ವಾಸಕೋಶದಲ್ಲಿ ನೀರು ತುಂಬತೊಡಗಿದುದನ್ನು ಮೊಟ್ಟಮೊದಲು ತಿಳಿಸುವ ಗುರುತುಗಳಲ್ಲಿ ಇದೂ ಒಂದು. ಇದನ್ನು ಗುರುತಿಸಲು ಗಡಿಯಾರವೊಂದರ ಹೊರತು ಬೇರಾವ ಉಪಕರಣವೂ ಬೇಕಾಗಿಲ್ಲ.

ಪದಬಳಕೆ

ಏದುಸಿರು, ತೇಕು, ಮೇಲುಸಿರು, ಗೊರಕೆ ಎಂಬ ಪದಗಳನ್ನು ದಿನಬಳಕೆಯಲ್ಲಿ ಒಂದರ ಬದಲಿಗೆ ಇನ್ನೊಂದನ್ನು ಬಳಸುವುದುಂಟು. ನಾಯಿಗಳ ವಿಷಯದಲ್ಲಿ ಇವನ್ನು ಬೇರೆಬೇರೆಯಾಗಿ ಗ್ರಹಿಸುವುದು ಅಗತ್ಯ. ಬಾಯಿ ತೆರೆದು, ನಾಲಗೆ ಹೊರಚಾಚಿ, ಮೇಲುಮೇಲಿನ ಉಸಿರನ್ನು ಅತಿವೇಗವಾಗಿ ಆಡುವುದು ತೇಕುವಿಕೆ. ಇದು ಮುಖ್ಯವಾಗಿ ಮೈಯನ್ನು ತಂಪು ಮಾಡಿಕೊಳ್ಳುವ ಉಪಾಯ. ಬಾಯಿ ಮುಚ್ಚಿದ್ದರೂ ಎದೆ ಮತ್ತು ಹೊಟ್ಟೆ ವೇಗವಾಗಿ ಅಥವಾ ಬಲವಾಗಿ ಏರಿಳಿಯುವುದು ಏದುಸಿರು. ಮೂಗು ಮತ್ತು ಗಂಟಲಿನ ಮೃದು ಭಾಗಗಳು ಅದುರಿ ಹುಟ್ಟುವ ಶಬ್ದ ಗೊರಕೆ. ಶಬ್ದವಿಲ್ಲದ ಏದುಸಿರೂ ಇರಬಹುದು. ಮನೆಯವರು ಸಾಮಾನ್ಯವಾಗಿ ಗಾಬರಿಗೊಳ್ಳುವುದು ಶಬ್ದಕ್ಕೆ. ವೈದ್ಯರು ಹೆಚ್ಚು ಚಿಂತಿಸುವುದು ಸದ್ದಿಲ್ಲದೆ ಏರುವ ಗತಿಗೆ.

ನಾಯಿಯ ನಿದ್ರೆಯು ಹಗುರವಾದುದೆಂಬ ತಿಳಿವಳಿಕೆ ಭಾರತದಲ್ಲಿ ಹಳೆಯದು. ವಿದ್ಯಾರ್ಥಿಗೆ ಇರಬೇಕಾದ ಐದು ಲಕ್ಷಣಗಳನ್ನು ಹೇಳುವ ಪ್ರಸಿದ್ಧ ಸಂಸ್ಕೃತ ಸುಭಾಷಿತದಲ್ಲಿ ಶ್ವಾನನಿದ್ರೆಯೂ ಒಂದಾಗಿದೆ. ಸಣ್ಣ ಸಪ್ಪಳಕ್ಕೂ ನಾಯಿ ಎಚ್ಚರಗೊಳ್ಳುವುದು ನಿಜವಾದರೂ ಅದಕ್ಕೆ ಗಾಢ ನಿದ್ರೆಯೇ ಇಲ್ಲವೆಂದು ಇದರಿಂದ ತಿಳಿಯಬಾರದು.

ಸಹಜ ಗತಿ

ಎದೆ ಒಮ್ಮೆ ಏರಿ ಒಮ್ಮೆ ಇಳಿದರೆ ಒಂದು ಉಸಿರು. ಆರೋಗ್ಯವಂತ ವಯಸ್ಕ ನಾಯಿಯು ನಿದ್ರೆಯಲ್ಲಿ ನಿಮಿಷಕ್ಕೆ ಸಾಮಾನ್ಯವಾಗಿ 10ರಿಂದ 30ರವರೆಗೆ ಉಸಿರಾಡುತ್ತದೆ. ಬಹುಪಾಲು ನಾಯಿಗಳಲ್ಲಿ ಇದು 25ಕ್ಕಿಂತಲೂ ಕಡಿಮೆ ಇರುತ್ತದೆ. ಎಚ್ಚರವಾಗಿ ಸುಮ್ಮನೆ ಕುಳಿತ ನಾಯಿಯ ಗತಿಯು ಇದಕ್ಕಿಂತ ಹೆಚ್ಚು. ಬಾಗಿಲ ಬಳಿ ಅಪರಿಚಿತರು ಬಂದರೆ, ಊಟದ ತಟ್ಟೆಯ ಸದ್ದು ಕೇಳಿದರೆ, ಆಸ್ಪತ್ರೆಯ ಮೇಜಿನ ಮೇಲೆ ನಿಲ್ಲಿಸಿದರೆ ಅದು ಕ್ಷಣದಲ್ಲಿ ಏರಿಬಿಡುತ್ತದೆ. ಆದ್ದರಿಂದಲೇ ಎಚ್ಚರದ ಗತಿಗಿಂತ ನಿದ್ರೆಯ ಗತಿಯು ಹೆಚ್ಚು ವಿಶ್ವಾಸಾರ್ಹವಾದುದು. ಆಸ್ಪತ್ರೆಯಲ್ಲಿ ವೈದ್ಯರಿಗೆ ದೊರೆಯದ ಈ ಅಳತೆ ಮನೆಯಲ್ಲಿರುವವರಿಗೆ ಪ್ರತಿರಾತ್ರಿಯೂ ದೊರೆಯುತ್ತದೆ.

ಮರಿಗಳ ಉಸಿರಾಟವು ದೊಡ್ಡ ನಾಯಿಗಳದಕ್ಕಿಂತ ವೇಗವಾಗಿರುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಿ ಅವು ದಿನದ ಬಹುಭಾಗವನ್ನು ನಿದ್ರೆಯಲ್ಲಿಯೇ ಕಳೆಯುತ್ತವೆ. ಆಗ ಕಾಲು, ಕಿವಿ, ತುಟಿಗಳು ಅದುರುತ್ತಿರುವುದು ಆರೋಗ್ಯದ ಲಕ್ಷಣವೇ ಹೊರತು ರೋಗವಲ್ಲ. ಅಲುಗಾಡದೆ ತಣ್ಣಗೆ ಬಿದ್ದಿರುವ ನವಜಾತ ಮರಿಯೇ ಕಳವಳಕ್ಕೆ ಕಾರಣ.

ನಿದ್ರೆಯ ಹಂತಗಳು ಮತ್ತು ಕನಸು

ಮಲಗಿದ ನಾಯಿಗಳು ಕನಸು ಕಾಣುತ್ತವೆಂಬುದನ್ನು ಪ್ರಾಚೀನರೂ ಗಮನಿಸಿದ್ದರು. ನಾಯಿಗಳು ನಿದ್ರೆಯಲ್ಲಿ ಬೊಗಳುವುದನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ಪ್ರಾಣಿಶಾಸ್ತ್ರ ಗ್ರಂಥದಲ್ಲಿ ಕನಸಿನ ಗುರುತೆಂದು ಪರಿಗಣಿಸಿದ್ದಾನೆ. ರೋಮನ್ ಕವಿ ಲುಕ್ರೀಷಿಯಸ್ ತನ್ನ ದೀರ್ಘ ಕಾವ್ಯದ ನಾಲ್ಕನೆಯ ಭಾಗದಲ್ಲಿ ಬೇಟೆನಾಯಿಗಳು ನಿದ್ರೆಯ ನಡುವೆ ಕಾಲಾಡಿಸಿ, ಬೇಟೆಯ ವಾಸನೆ ಹಿಡಿದಂತೆ ಮೇಲಿಂದ ಮೇಲೆ ಮೂಗಿನಿಂದ ಗಾಳಿ ಎಳೆದುಕೊಳ್ಳುವುದನ್ನು ವರ್ಣಿಸಿದ್ದಾನೆ. ಇಂದಿಗೂ ಸಾಕಿದವರು ಕಾಣುವ ದೃಶ್ಯ ಇದೇ.

ಇದರ ಶಾರೀರಿಕ ವಿವರಣೆ ದೊರೆತುದು ಇಪ್ಪತ್ತನೆಯ ಶತಮಾನದಲ್ಲಿ. ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೀಟ್‌ಮನ್ 1953ರಲ್ಲಿ ಮನುಷ್ಯರ ನಿದ್ರೆಯಲ್ಲಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಹಂತವೊಂದನ್ನು ವರದಿ ಮಾಡಿದರು. ಆ ಹಂತದಲ್ಲಿ ಉಸಿರಾಟ ಮತ್ತು ನಾಡಿಯ ಗತಿಯೂ ಏರುತ್ತದೆಂಬುದನ್ನು ಅವರು ಅದೇ ಬರಹದಲ್ಲಿ ದಾಖಲಿಸಿದ್ದಾರೆ. ಇದನ್ನು ಈಗ ರೆಮ್ ನಿದ್ರೆ ಎನ್ನಲಾಗುತ್ತದೆ. ನಾಯಿ, ಬೆಕ್ಕುಗಳನ್ನು ಒಳಗೊಂಡು ಬಹುತೇಕ ಸಸ್ತನಿಗಳಲ್ಲಿ ಇದು ಕಂಡುಬರುತ್ತದೆ.

ನಾಯಿಯು ಮಲಗಿದೊಡನೆ ಮೊದಲು ಪ್ರವೇಶಿಸುವುದು ರೆಮ್ ಅಲ್ಲದ ನಿದ್ರೆಗೆ. ಆಗ ಮೆದುಳಿನ ವಿದ್ಯುತ್ ತರಂಗಗಳು ನಿಧಾನವಾಗಿ, ಉಸಿರು ದೀರ್ಘವಾಗಿ, ಒಂದೇ ಲಯದಲ್ಲಿ ಸಾಗುತ್ತದೆ. ಅನಂತರ ರೆಮ್ ಹಂತ ಬಂದಾಗ ಲಯ ಕೆಡುತ್ತದೆ. ನಾಲ್ಕಾರು ಚುರುಕಾದ ಉಸಿರು, ಒಂದು ಕ್ಷಣದ ತಡೆ, ಮತ್ತೆ ಒಂದು ನಿಟ್ಟುಸಿರು ಎಂಬಂತೆ ಉಸಿರಾಟ ನಡೆಯುತ್ತದೆ. ರೆಪ್ಪೆಯ ಕೆಳಗೆ ಕಣ್ಣು ಹೊರಳುತ್ತದೆ, ಪಾದಗಳು ಅದುರುತ್ತವೆ, ಬಾಯಿ ಮುಚ್ಚಿಯೇ ಕುಂಯ್‌ಗುಟ್ಟುವಂತಹ ಸಣ್ಣ ಬೊಗಳು ಹೊರಡುತ್ತದೆ. ಮೆದುಳುಕಾಂಡದಿಂದ ಹೊರಡುವ ಸಂದೇಶಗಳು ಈ ವೇಳೆ ದೇಹದ ಸ್ನಾಯುಗಳನ್ನು ಸಡಿಲಗೊಳಿಸಿ ಇಡುವುದರಿಂದ ನಾಯಿಯು ಕನಸಿನ ಓಟವನ್ನು ನಿಜವಾಗಿ ಓಡುವುದಿಲ್ಲ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯು ಮಾತ್ರ ಈ ಸಡಿಲಿಕೆಗೆ ಒಳಪಡದೆ ಕೆಲಸವನ್ನು ಮುಂದುವರಿಸುತ್ತದೆ. ಗಂಟಲನ್ನು ತೆರೆದಿಡುವ ಸ್ನಾಯುಗಳು ಸಡಿಲಗೊಳ್ಳುತ್ತವೆ. ಮೋಟುಮೂತಿಯ ನಾಯಿಗಳ ಸಂಕಷ್ಟಕ್ಕೆ ಇದೇ ಮೂಲ. ಅದನ್ನು ಮುಂದೆ ವಿವರಿಸಲಾಗಿದೆ.

ಈ ಹಂತವು ಕೆಲವೇ ನಿಮಿಷ ಇದ್ದು ತಾನಾಗಿ ಮುಗಿಯುತ್ತದೆ. ನಾಯಿಗಳ ನಿದ್ರಾಚಕ್ರವು ಮನುಷ್ಯರದಕ್ಕಿಂತ ಚಿಕ್ಕದಾದ ಕಾರಣ ಒಂದೇ ರಾತ್ರಿಯಲ್ಲಿ ಇದು ಅನೇಕ ಬಾರಿ ಬಂದುಹೋಗುತ್ತದೆ. ಹಂಗೆರಿಯ ಬುಡಾಪೆಸ್ಟ್‌ನಲ್ಲಿರುವ ಎಯೊಟ್ವೊಶ್ ಲೊರಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಸಾಕುನಾಯಿಗಳ ತಲೆಯ ಮೇಲ್ಮೈಗೆ ನೋವಿಲ್ಲದಂತೆ ವಿದ್ಯುದ್ವಾರಗಳನ್ನು ಅಂಟಿಸಿ ಅವುಗಳ ನಿದ್ರೆಯ ಹಂತಗಳನ್ನು ದಾಖಲಿಸುವ ವಿಧಾನವನ್ನು 2014ರಲ್ಲಿ ಪ್ರಕಟಿಸಿದರು. ಕನಸಿನಲ್ಲಿ ಏದುತ್ತಿರುವ ನಾಯಿಯನ್ನು ಮುಟ್ಟಿ ಅಲುಗಿಸಿ ಎಬ್ಬಿಸುವುದು ಸರಿಯಲ್ಲ. ದಿಗಿಲುಗೊಂಡು ಕಚ್ಚುವ ಸಾಧ್ಯತೆಯಿದೆ. ಎಬ್ಬಿಸಲೇಬೇಕಾದರೆ ದೂರದಿಂದ ಹೆಸರು ಹಿಡಿದು ಕರೆಯಬಹುದು.

ತಾಪ ಮತ್ತು ತೇಕುವಿಕೆ

ನಾಯಿಯ ದೇಹದ ಸಹಜ ಉಷ್ಣತೆಯು ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಮೈ ತಂಪುಮಾಡಲು ಬೇಕಾದ ಬೆವರು ಗ್ರಂಥಿಗಳು ಅದಕ್ಕೆ ಮುಖ್ಯವಾಗಿ ಪಾದದ ಮೆತ್ತೆಗಳಲ್ಲಿ ಮಾತ್ರ ಇವೆ; ಅವುಗಳಿಂದ ಆಗುವ ಉಪಯೋಗ ಅಲ್ಪ. ಮೂಗು, ಬಾಯಿ, ನಾಲಗೆಗಳ ತೇವವನ್ನು ಆವಿಯಾಗಿಸುವುದೇ ನಾಯಿಗೆ ಇರುವ ಪ್ರಧಾನ ಮಾರ್ಗ. ತೇಕುವಾಗ ಉಸಿರಾಟದ ಗತಿಯು ನಿಮಿಷಕ್ಕೆ 300ನ್ನು ಮುಟ್ಟಬಲ್ಲುದು. ಶ್ವಾಸಾಂಗಗಳು ತಮ್ಮ ಸ್ವಾಭಾವಿಕ ಕಂಪನದ ಗತಿಯಲ್ಲಿಯೇ ತೂಗುವುದರಿಂದ, ತೂಗುಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ಇದಕ್ಕೆ ತಗಲುವ ಶ್ರಮ ಕಡಿಮೆ. ಗಾಳಿಯು ಹೆಚ್ಚಾಗಿ ಮೂಗಿನಿಂದ ಒಳಹೋಗಿ ಬಾಯಿಂದ ಹೊರಬೀಳುತ್ತದೆಂಬುದನ್ನು ಶರೀರಕ್ರಿಯಾ ವಿಜ್ಞಾನಿ ಕ್ನೂಟ್ ಷ್ಮಿಟ್ ನೀಲ್ಸನ್ ಮತ್ತು ಸಂಗಡಿಗರು 1970ರಲ್ಲಿ ತೋರಿಸಿದರು.

ಬೇಸಗೆಯ ಮಧ್ಯಾಹ್ನ ತೂಕಡಿಸುತ್ತಲೇ ತೇಕುವ ನಾಯಿಗಳು ಎಲ್ಲೆಡೆ ಕಾಣಸಿಗುತ್ತವೆ. ನೆರಳು, ನೀರು, ಗಾಳಿ ದೊರೆತ ಸ್ವಲ್ಪ ಹೊತ್ತಿನಲ್ಲಿ ಇದು ತಗ್ಗಬೇಕು. ಕಲಬುರಗಿ, ರಾಯಚೂರುಗಳಂತಹ ಊರುಗಳಲ್ಲಿ ಬೇಸಗೆಯ ತಾಪ 40 ಡಿಗ್ರಿ ದಾಟುವಾಗ ತಗಡಿನ ಮಾಡಿನ ಕೆಳಗೆ, ಮುಚ್ಚಿದ ಕಾರಿನಲ್ಲಿ ಅಥವಾ ಬಿಸಿಲ ತಾರಸಿಯ ಮೇಲೆ ಕಟ್ಟಿಹಾಕಿದ ನಾಯಿಗೆ ತೇಕುವಿಕೆ ಸಾಲದೆ ಉಷ್ಣಾಘಾತವಾಗಬಹುದು. ಸುತ್ತಲಿನ ಗಾಳಿ ತೇವದಿಂದ ಕೂಡಿದ್ದರೆ ಆವಿಯಾಗುವಿಕೆ ಕುಂದುವುದರಿಂದ ಕರಾವಳಿಯಲ್ಲಿ ತಾಪಮಾನ ಅಷ್ಟಿಲ್ಲದಿದ್ದರೂ ಅಪಾಯ ಇದ್ದೇ ಇದೆ. ದೇಹದ ಉಷ್ಣತೆ 41 ಡಿಗ್ರಿಯನ್ನು ಮೀರಿದರೆ ಜೀವಕ್ಕೆ ಕುತ್ತು. ಅಂತಹ ನಾಯಿಯು ಮಂಕಾಗಿ ಒರಗಿರುವುದನ್ನು ನಿದ್ರೆಯೆಂದು ತಪ್ಪಾಗಿ ಭಾವಿಸಿ ಬಿಟ್ಟುಬಿಡುವ ಪ್ರಸಂಗಗಳಿವೆ. ಮೈಗೆ ನೀರು ಸುರಿದು, ಗಾಳಿ ಬೀಸಿ, ತಂಪು ಮಾಡುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಮೋಟುಮೂತಿಯ ತಳಿಗಳು

ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್ ಮೊದಲಾದ ತಳಿಗಳ ಗೊರಕೆಯನ್ನು ಮುದ್ದಿನ ಲಕ್ಷಣವೆಂದೇ ಬಹುಕಾಲ ಭಾವಿಸಲಾಗಿತ್ತು. ವಾಸ್ತವದಲ್ಲಿ ಅದು ದೇಹರಚನೆಯ ದೋಷದ ಸದ್ದು. ಮನುಷ್ಯರು ಚಪ್ಪಟೆ ಮುಖಕ್ಕಾಗಿ ಆಯ್ದು ತಳಿ ಬೆಳೆಸಿದಾಗ ತಲೆಬುರುಡೆಯ ಎಲುಬು ಕಿರಿದಾಯಿತು. ಅದರೊಳಗಿನ ಮೃದು ಅಂಗಾಂಶಗಳು ಅದೇ ಪ್ರಮಾಣದಲ್ಲಿ ಕಿರಿದಾಗಲಿಲ್ಲ. ಮೂಗಿನ ಹೊಳ್ಳೆಗಳು ಸೀಳಿನಂತೆ ಇಕ್ಕಟ್ಟಾದವು. ಮೃದು ತಾಲುವು ಉದ್ದವಾಗಿ, ದಪ್ಪವಾಗಿ ಧ್ವನಿಪೆಟ್ಟಿಗೆಯ ಬಾಯಿಗೆ ಅಡ್ಡ ಬರುವಂತಾಯಿತು. ಶ್ವಾಸನಾಳವೂ ಕೆಲವೊಮ್ಮೆ, ವಿಶೇಷವಾಗಿ ಬುಲ್‌ಡಾಗ್‌ಗಳಲ್ಲಿ, ತೀರ ಸಣ್ಣದು. ಈ ಎಲ್ಲವುಗಳ ಒಟ್ಟು ಪರಿಣಾಮವನ್ನು ಮೋಟುಮೂತಿಯ ಶ್ವಾಸಮಾರ್ಗ ಅಡಚಣೆಯ ಲಕ್ಷಣಕೂಟ ಎನ್ನುತ್ತಾರೆ.

ಸ್ವಲ್ಪವೇ ಕಿರಿದಾದರೆ ಅಷ್ಟೇನು ತೊಂದರೆ ಎಂಬ ಪ್ರಶ್ನೆಗೆ ಭೌತಶಾಸ್ತ್ರದಲ್ಲಿ ಉತ್ತರವಿದೆ. ಪ್ವಾಜೆ ನಿಯಮದ ಪ್ರಕಾರ ಕೊಳವೆಯೊಂದರಲ್ಲಿ ಸುಗಮವಾಗಿ ಹರಿಯುವ ಪ್ರವಾಹಕ್ಕೆ ಎದುರಾಗುವ ತಡೆಯು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ತ್ರಿಜ್ಯ ಅರ್ಧವಾದರೆ ತಡೆ ಎರಡು ಪಟ್ಟಲ್ಲ, 16 ಪಟ್ಟು ಹೆಚ್ಚುತ್ತದೆ. ಆ ತಡೆಯನ್ನು ಮೀರಲು ಪ್ರತಿ ಉಸಿರಿನಲ್ಲಿಯೂ ಬಲವಾಗಿ ಗಾಳಿ ಎಳೆಯಬೇಕಾಗಿ, ಆ ಸೆಳೆತಕ್ಕೆ ಗಂಟಲಿನ ಮೆದುಭಾಗಗಳು ಒಳಸರಿದು, ಊದಿಕೊಂಡು, ದಾರಿ ಇನ್ನಷ್ಟು ಕಿರಿದಾಗುತ್ತದೆ.

ಎಚ್ಚರದಲ್ಲಿರುವಾಗ ನಾಯಿಯು ಗಂಟಲ ಸ್ನಾಯುಗಳನ್ನು ಬಿಗಿಹಿಡಿದು ದಾರಿಯನ್ನು ತೆರೆದಿಟ್ಟುಕೊಂಡಿರುತ್ತದೆ. ರೆಮ್ ನಿದ್ರೆಯಲ್ಲಿ ಆ ಬಿಗಿ ತಪ್ಪುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋನ್ ಹೆಂಡ್ರಿಕ್ಸ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಬುಲ್‌ಡಾಗ್‌ಗಳ ರಕ್ತದ ಆಮ್ಲಜನಕ ಪ್ರಮಾಣವು ಈ ಹಂತದಲ್ಲಿ ಶೇಕಡಾ 90ಕ್ಕಿಂತ ಕೆಳಗೆ ಕುಸಿಯುವುದು ಕಂಡುಬಂದಿತು. ಆ ನಾಯಿಗಳು ಹಗಲಿನಲ್ಲಿಯೂ ಬಹುಬೇಗ ನಿದ್ರೆಗೆ ಜಾರುತ್ತಿದ್ದವು. ಮನುಷ್ಯರಲ್ಲಿ ನಿದ್ರಾ ಉಸಿರುಕಟ್ಟುವಿಕೆ ಎಂದು ಕರೆಯುವ ರೋಗಕ್ಕೆ ಇಂಗ್ಲಿಷ್ ಬುಲ್‌ಡಾಗ್ ಪ್ರಕೃತಿಸಿದ್ಧ ಮಾದರಿಯೆಂದು ಆ ಅಧ್ಯಯನವು ನಿರೂಪಿಸಿತು. ಸೋಮಾರಿ ಎಂಬ ಹೆಸರು ಹೊತ್ತ ನಾಯಿಯು ಅನೇಕ ವೇಳೆ ರಾತ್ರಿಯ ನಿದ್ರೆ ಕೆಟ್ಟ ನಾಯಿಯಾಗಿರುತ್ತದೆ.

ಇಂತಹ ನಾಯಿಗಳು ತಾವಾಗಿ ಕೆಲವು ಉಪಾಯಗಳನ್ನು ಕಂಡುಕೊಳ್ಳುತ್ತವೆ. ಗದ್ದವನ್ನು ದಿಂಬು ಅಥವಾ ಮೆಟ್ಟಿಲ ಅಂಚಿನ ಮೇಲೆ ಎತ್ತರಿಸಿಟ್ಟು ಮಲಗುತ್ತವೆ, ಕುಳಿತೇ ತೂಕಡಿಸುತ್ತವೆ, ಇಲ್ಲವೆ ಆಟಿಕೆಯೊಂದನ್ನು ಹಲ್ಲುಗಳ ನಡುವೆ ಇಟ್ಟುಕೊಂಡು ಬಾಯಿ ತೆರೆದಿರುವಂತೆ ನೋಡಿಕೊಳ್ಳುತ್ತವೆ. ನೋಡುವವರಿಗೆ ತಮಾಷೆಯೆನಿಸುವ ಈ ಭಂಗಿಗಳು ಉಸಿರಿಗಾಗಿ ಮಾಡುವ ಹೋರಾಟವಾಗಿರಬಹುದು. ತೂಕ ಇಳಿಸುವುದರಿಂದ ಗಣನೀಯ ಪರಿಹಾರ ದೊರೆಯುತ್ತದೆ. ಹೊಳ್ಳೆಗಳನ್ನು ಅಗಲಗೊಳಿಸುವ ಮತ್ತು ತಾಲುವಿನ ಹೆಚ್ಚುವರಿ ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆಗಳಿವೆ. ಅವನ್ನು ಎಳೆಯ ವಯಸ್ಸಿನಲ್ಲಿ ಮಾಡಿಸಿದಷ್ಟೂ ಒಳ್ಳೆಯದು.

ಭಾರತದಲ್ಲಿ ಪಗ್ ತಳಿಯು ಮನೆಮಾತಾದುದು 2003ರಲ್ಲಿ ಪ್ರಸಾರವಾದ ಹಚ್ ದೂರವಾಣಿ ಸಂಸ್ಥೆಯ ಜಾಹೀರಾತಿನಿಂದ. ಶೀತಪ್ರದೇಶದ ಮನೆಯೊಳಗಿನ ಜೀವನಕ್ಕೂ ಕಷ್ಟಪಡುವ ಈ ನಾಯಿಯನ್ನು ಉಷ್ಣವಲಯದ ಊರುಗಳಿಗೆ ತಂದುದರ ಫಲವನ್ನು ಪಶುವೈದ್ಯರು ಪ್ರತಿ ಬೇಸಗೆಯಲ್ಲಿಯೂ ಕಾಣುತ್ತಾರೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯಂತಹ ನೀಳಮೂತಿಯ ದೇಶೀ ತಳಿಗಳಲ್ಲಿ ಮತ್ತು ಬೀದಿನಾಯಿಗಳಲ್ಲಿ ಈ ಅಡಚಣೆ ಇರುವುದಿಲ್ಲ.

ಹೃದ್ರೋಗ

ನಿದ್ರೆಯ ಏದುಸಿರಿನ ಕಾರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಹೃದಯದ ವೈಫಲ್ಯ. ವಯಸ್ಸಾದ ಸಣ್ಣ ಜಾತಿಯ ನಾಯಿಗಳಲ್ಲಿ ಹೃದಯದ ಎಡಭಾಗದ ಮೈಟ್ರಲ್ ಕವಾಟವು ಕ್ರಮೇಣ ದಪ್ಪಗಾಗಿ, ಸುರುಟಿ, ಸರಿಯಾಗಿ ಮುಚ್ಚಿಕೊಳ್ಳದಂತಾಗುತ್ತದೆ. ಉತ್ತರ ಅಮೆರಿಕದ ಪಶುಚಿಕಿತ್ಸಾಲಯಗಳಿಗೆ ಬರುವ ನಾಯಿಗಳ ಹೃದ್ರೋಗಗಳಲ್ಲಿ ಸುಮಾರು ಮುಕ್ಕಾಲು ಪಾಲು ಇದೇ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ತಳಿಯಲ್ಲಿ ಇದು ಬಹಳ ಬೇಗ ಕಾಣಿಸಿಕೊಳ್ಳುತ್ತದೆ. ಕರ್ನಾಟಕದ ಮನೆಗಳಲ್ಲಿ ಪೊಮರೇನಿಯನ್ ಎಂಬ ಹೆಸರಿನಿಂದ ಸಾಕುವ ಸ್ಪಿಟ್ಜ್ ನಾಯಿಗಳಿಗೂ ಮುಪ್ಪಿನಲ್ಲಿ ಇದು ಬರುವುದುಂಟು. ಡಾಬರ್‌ಮನ್, ಗ್ರೇಟ್ ಡೇನ್ ಮುಂತಾದ ದೊಡ್ಡ ತಳಿಗಳಲ್ಲಿ ಹೃದಯದ ಸ್ನಾಯುವೇ ತೆಳುವಾಗಿ ಹಿಗ್ಗುವ ಬೇರೊಂದು ರೋಗ ಸಾಮಾನ್ಯ.

ಕವಾಟ ಸೋರಿದಾಗ ಮುಂದೆ ಹೋಗಬೇಕಾದ ರಕ್ತದ ಒಂದು ಭಾಗ ಹಿಂದಕ್ಕೆ ಚಿಮ್ಮುತ್ತದೆ. ಎಡ ಹೃತ್ಕರ್ಣ ಹಿಗ್ಗಿ, ಅದರ ಒತ್ತಡ ಶ್ವಾಸಕೋಶದ ಅಭಿಧಮನಿಗಳಿಗೆ ತಟ್ಟಿ, ಕೊನೆಗೆ ರಕ್ತದ ದ್ರವಾಂಶವು ಗಾಳಿಗೂಡುಗಳ ಕಡೆಗೆ ಒಸರತೊಡಗುತ್ತದೆ. ನೀರು ಹೊಕ್ಕ ಶ್ವಾಸಕೋಶ ಬಿರುಸಾಗುವುದರಿಂದ ನಾಯಿಯು ಚಿಕ್ಕ ಚಿಕ್ಕ ಉಸಿರನ್ನು ಬೇಗ ಬೇಗ ಆಡುತ್ತದೆ. ಕೆಮ್ಮು, ಸುಸ್ತು, ಮೂರ್ಛೆಗಳು ಕಾಣಿಸುವ ಮೊದಲೇ, ಕೆಲವೊಮ್ಮೆ ದಿನಗಳ ಮುಂಚೆಯೇ, ನಿದ್ರೆಯ ಗತಿಯು 18ರಿಂದ 26ಕ್ಕೆ, ಅಲ್ಲಿಂದ 35ಕ್ಕೆ ಏರುತ್ತ ಹೋಗುತ್ತದೆ. ಈ ಅವಧಿಯಲ್ಲಿ ವೈದ್ಯರನ್ನು ಕಂಡರೆ ಮೂತ್ರವರ್ಧಕ ಔಷಧದಿಂದ ನೀರನ್ನು ಇಳಿಸಿ ಮನೆಯಲ್ಲಿಯೇ ಸ್ಥಿತಿಯನ್ನು ಹತೋಟಿಗೆ ತರಲು ಅವಕಾಶವಿರುತ್ತದೆ. ತಪ್ಪಿದರೆ ಮಧ್ಯರಾತ್ರಿಯಲ್ಲಿ ಆಮ್ಲಜನಕಕ್ಕಾಗಿ ಓಡಬೇಕಾಗುತ್ತದೆ, ಮತ್ತು ಅಲ್ಲಿಯವರೆಗೆ ಬದುಕಿ ತಲುಪದ ನಾಯಿಗಳೂ ಇವೆ.

ಫ್ಯೂರೋಸೆಮೈಡ್ ಮತ್ತು ಪಿಮೊಬೆಂಡಾನ್ ಈ ಚಿಕಿತ್ಸೆಯ ಮುಖ್ಯ ಔಷಧಗಳು. ಕವಾಟ ಕೆಟ್ಟು ಹೃದಯ ಹಿಗ್ಗಿದ್ದರೂ ಇನ್ನೂ ಲಕ್ಷಣಗಳು ತೋರದ ನಾಯಿಗಳಿಗೆ ಪಿಮೊಬೆಂಡಾನ್ ಕೊಟ್ಟರೆ ಹೃದಯ ವೈಫಲ್ಯವು ಸರಾಸರಿ 15 ತಿಂಗಳಷ್ಟು ಮುಂದಕ್ಕೆ ಹೋಗುತ್ತದೆಂದು ಎಪಿಕ್ ಎಂಬ ಬಹುರಾಷ್ಟ್ರೀಯ ಅಧ್ಯಯನವು 2016ರಲ್ಲಿ ತಿಳಿಸಿತು. ನಾಯಿಯ ಆಯುಸ್ಸಿನ ಲೆಕ್ಕದಲ್ಲಿ ಇದು ಸಣ್ಣ ಅವಧಿಯಲ್ಲ.

ಇತರ ಕಾರಣಗಳು

ರಕ್ತಹೀನತೆಯಲ್ಲಿ ಆಮ್ಲಜನಕವನ್ನು ಹೊರುವ ಕೆಂಪುಕಣಗಳು ಕಡಿಮೆಯಾಗಿ ಉಸಿರು ವೇಗಗೊಳ್ಳುತ್ತದೆ. ದಕ್ಷಿಣ ಭಾರತದಲ್ಲಿ ಇದಕ್ಕೆ ಪದೇಪದೇ ಕಾಣುವ ಕಾರಣ ಉಣ್ಣೆಜ್ವರ. ಕಂದು ನಾಯಿಉಣ್ಣೆಯಿಂದ ಹರಡುವ ಬೇಬಿಸಿಯಾ ಮತ್ತು ಎರ್ಲಿಕಿಯಾ ಸೋಂಕುಗಳಿಗೆ ಜನರು ಇಟ್ಟ ಹೆಸರಿದು. ಒಸಡು ಬಿಳಿಚಿಕೊಂಡಿದ್ದು, ಜ್ವರವಿದ್ದು, ಮಲಗಿದ ನಾಯಿ ಏದುತ್ತಿದ್ದರೆ ರಕ್ತಪರೀಕ್ಷೆ ತಡಮಾಡಬಾರದು. ಸೊಳ್ಳೆಯಿಂದ ಹರಡುವ ಹೃದಯಹುಳು ಶ್ವಾಸಕೋಶದ ಧಮನಿಗಳಲ್ಲಿ ನೆಲಸಿ ಕೆಮ್ಮು, ಏದುಸಿರು ತರುತ್ತದೆ. ಭಾರತದಲ್ಲಿ ಇದು ಈಶಾನ್ಯ ರಾಜ್ಯಗಳಲ್ಲಿ ವರದಿಯಾಗಿದೆ.

ಪೊಮರೇನಿಯನ್‌ನಂತಹ ಪುಟ್ಟ ನಾಯಿಗಳಲ್ಲಿ ಶ್ವಾಸನಾಳದ ಮೃದ್ವಸ್ಥಿಯ ಬಳೆಗಳು ದುರ್ಬಲಗೊಂಡು ನಾಳವು ಚಪ್ಪಟೆಯಾಗುವ ರೋಗವಿದೆ. ಬಾತುಕೋಳಿಯ ಕೂಗಿನಂತಹ ಒಣಕೆಮ್ಮು ಇದರ ಗುರುತು. ವಯಸ್ಸಾದ ಲ್ಯಾಬ್ರಡಾರ್‌ಗಳಲ್ಲಿ ಧ್ವನಿಪೆಟ್ಟಿಗೆಯ ಸ್ನಾಯುಗಳು ಸೋತು, ಬೊಗಳುವ ದನಿ ಬದಲಾಗಿ, ಉಸಿರು ಒಳಗೆಳೆಯುವಾಗ ಗರಗಸದಂತಹ ಶಬ್ದ ಬರುತ್ತದೆ. ನ್ಯುಮೋನಿಯಾ, ಎದೆಗೂಡಿನಲ್ಲಿ ನೀರು ಅಥವಾ ಗಡ್ಡೆ, ನೋವು, ಜ್ವರ, ಕುಷಿಂಗ್ ರೋಗ, ಸ್ಟೀರಾಯ್ಡ್ ಔಷಧಗಳ ಪರಿಣಾಮ ಇವೂ ಕಾರಣಗಳೇ. ಬೊಜ್ಜು ಮೇಲಿನ ಪ್ರತಿಯೊಂದನ್ನೂ ಉಲ್ಬಣಗೊಳಿಸುತ್ತದೆ.

ಉಸಿರು ಎಣಿಸುವ ಕ್ರಮ

ನಾಯಿಯು ನಿದ್ರೆಗೆ ಜಾರಿ ಸ್ವಲ್ಪ ಹೊತ್ತಾಗಿರಬೇಕು. ಆಗಷ್ಟೇ ಓಡಾಡಿ ಬಂದಿರಬಾರದು. ಕೋಣೆ ಸೆಕೆಯಿಂದ ಕೂಡಿರಬಾರದು. ಪಾದ, ಮೀಸೆಗಳು ಅದುರುತ್ತಿದ್ದರೆ ಅದು ಕನಸಿನ ಹಂತವಾದ್ದರಿಂದ ಮುಗಿಯುವವರೆಗೆ ಕಾಯಬೇಕು. ಅನಂತರ ಮುಟ್ಟದೆ, ದೂರದಿಂದಲೇ, ಪಕ್ಕೆಯ ಏರಿಳಿತವನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಬೇಕು. ಅರ್ಧ ನಿಮಿಷದಲ್ಲಿ 9 ಏರಿಳಿತ ಕಂಡರೆ ಗತಿ 18. ದಟ್ಟ ತುಪ್ಪಳದ ನಾಯಿಗಳಲ್ಲಿ ಮೂಗಿನ ಹೊಳ್ಳೆಯ ಚಲನೆಯನ್ನು ಅಥವಾ ಮೈಮೇಲಿನ ಹೊದಿಕೆಯ ಅಂಚನ್ನು ನೋಡಿ ಎಣಿಸುವುದು ಸುಲಭ.

ಒಂದು ದಿನದ ಅಂಕಿಯಿಂದ ತೀರ್ಮಾನಕ್ಕೆ ಬರಲಾಗದು. ಆರೋಗ್ಯವಾಗಿರುವಾಗಲೇ ಒಂದೆರಡು ವಾರ ಎಣಿಸಿ ಆ ನಾಯಿಯ ವಾಡಿಕೆಯ ಗತಿಯನ್ನು ಬರೆದಿಟ್ಟಿದ್ದರೆ ಮುಂದೆ ಹೋಲಿಸಲು ಬರುತ್ತದೆ. ಸದಾ 14 ಇದ್ದ ನಾಯಿಯಲ್ಲಿ 28 ಕಂಡುಬಂದರೆ, 30ರ ಗೆರೆ ದಾಟದಿದ್ದರೂ, ಅದು ಗಮನಾರ್ಹವಾದ ಏರಿಕೆಯೇ. 30ನ್ನು ಮೀರಿದರೆ ಒಂದೆರಡು ಗಂಟೆ ಬಿಟ್ಟು ಮತ್ತೆ ಎಣಿಸಿ, ಹಾಗೆಯೇ ಉಳಿದಿದ್ದರೆ ಅಂದೇ ಪಶುವೈದ್ಯರಿಗೆ ತಿಳಿಸಬೇಕು. ಮಲಗಿದ ನಾಯಿಯ ಚಲನಚಿತ್ರವನ್ನು ಮೊಬೈಲ್‌ನಲ್ಲಿ ಸೆರೆಹಿಡಿದು ತೋರಿಸುವುದು ಬಹಳ ಉಪಯುಕ್ತ, ಏಕೆಂದರೆ ಆಸ್ಪತ್ರೆಯಲ್ಲಿ ಅದೇ ನಾಯಿ ಬೇರೆಯೇ ರೀತಿ ಉಸಿರಾಡುತ್ತದೆ.

ತುರ್ತು ಚಿಹ್ನೆಗಳು

ಒಸಡು ಅಥವಾ ನಾಲಗೆ ನೀಲಿಗಟ್ಟುವುದು, ಪ್ರತಿ ಉಸಿರಿಗೂ ಹೊಟ್ಟೆ ಬಲವಾಗಿ ಒಳಸೇದುವುದು, ಕತ್ತು ನೀಳವಾಗಿ ಚಾಚಿ ಮುಂಗಾಲುಗಳ ಮೊಣಕೈಗಳನ್ನು ಅಗಲಿಸಿ ನಿಲ್ಲುವುದು, ಕುಸಿದು ಬೀಳುವುದು ಇವು ಕ್ಷಣವೂ ಕಾಯಬಾರದ ಚಿಹ್ನೆಗಳು. ಇವೆಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಇನ್ನೊಂದು: ಬಳಲಿದ್ದರೂ ಮಲಗಲು ಒಪ್ಪದೆ ರಾತ್ರಿಯಿಡೀ ಕುಳಿತೇ ಇರುವ ನಾಯಿ. ಮಲಗಿದರೆ ಉಸಿರು ಸಿಕ್ಕದೆಂಬ ಕಾರಣದಿಂದ ಅದು ಹಾಗೆ ಕುಳಿತಿರುತ್ತದೆ. ತೀವ್ರ ರಕ್ತಹೀನತೆ ಇರುವ ನಾಯಿಯಲ್ಲಿ ಆಮ್ಲಜನಕ ಕುಸಿದರೂ ನೀಲಿ ಬಣ್ಣ ಕಾಣದಿರಬಹುದು. ಸಾಗಿಸುವಾಗ ಪಕ್ಕಕ್ಕೆ ಒತ್ತಿ ಮಲಗಿಸದೆ, ಬಾಯಿ ಕಟ್ಟದೆ, ಅದು ಆರಿಸಿಕೊಂಡ ಭಂಗಿಯಲ್ಲಿಯೇ ಒಯ್ಯಬೇಕು. ಮನುಷ್ಯರ ಕೆಮ್ಮಿನ ಔಷಧಗಳನ್ನಾಗಲಿ ನೋವಿನ ಮಾತ್ರೆಗಳನ್ನಾಗಲಿ ಕೊಡಬಾರದು. ಐಬುಪ್ರೊಫೇನ್ ನಾಯಿಗಳಿಗೆ ವಿಷಕಾರಿ.

ತಳಿ ಬೆಳೆಸುವಿಕೆ ಮತ್ತು ಕಾನೂನು

ಮೋಟುಮೂತಿಯ ನಾಯಿಗಳ ಉಸಿರಾಟವು ಇತ್ತೀಚಿನ ವರ್ಷಗಳಲ್ಲಿ ಕಾನೂನಿನ ವಿಷಯವೂ ಆಗಿದೆ. ನೆದರ್‌ಲ್ಯಾಂಡ್ಸ್ ಸರಕಾರವು 2019ರಲ್ಲಿ ಜಾರಿಗೆ ತಂದ ಮಾನದಂಡಗಳ ಪ್ರಕಾರ ಮೂತಿಯ ಉದ್ದವು ತಲೆಬುರುಡೆಯ ಉದ್ದದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇರುವ ನಾಯಿಗಳಿಂದ ಮರಿ ಪಡೆಯುವಂತಿಲ್ಲ. ಬ್ರಿಟನ್ನಿನಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮತ್ತು ಕೆನೆಲ್ ಕ್ಲಬ್ ಅದೇ ವರ್ಷ ಆರಂಭಿಸಿದ ಯೋಜನೆಯಲ್ಲಿ ನಾಯಿಯನ್ನು ಮೂರು ನಿಮಿಷ ಓಡಿಸಿ, ಮೊದಲು ಮತ್ತು ಅನಂತರ ಉಸಿರನ್ನು ಆಲಿಸಿ, 0ರಿಂದ 3ರವರೆಗೆ ದರ್ಜೆ ನೀಡಲಾಗುತ್ತದೆ. 3ನೆಯ ದರ್ಜೆಯ ನಾಯಿಯಿಂದ ಮರಿ ಪಡೆಯಬಾರದೆಂದು ಸಲಹೆ ಮಾಡಲಾಗುತ್ತದೆ. ನಾರ್ವೆಯಲ್ಲಿ ಓಸ್ಲೋ ಜಿಲ್ಲಾ ನ್ಯಾಯಾಲಯವು 2022ರಲ್ಲಿ ಇಂಗ್ಲಿಷ್ ಬುಲ್‌ಡಾಗ್ ಮತ್ತು ಕ್ಯಾವಲಿಯರ್ ತಳಿಗಳ ಸಂವರ್ಧನೆಯನ್ನು ಕಾನೂನುಬಾಹಿರವೆಂದು ತೀರ್ಪಿತ್ತಿತು. 2023ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ಈ ನಿಷೇಧವು ಕ್ಯಾವಲಿಯರ್‌ಗೆ ಮಾತ್ರ ಉಳಿಯಿತು. ಭಾರತದಲ್ಲಿ ನಾಯಿ ಸಂವರ್ಧನೆ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ನಿಯಮಗಳ ಪ್ರಕಾರ ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಮರಿ ಕೊಳ್ಳುವವರು ಅದರ ತಾಯಿಯನ್ನು ನೋಡಲು, ಸಾಧ್ಯವಾದರೆ ಅದು ಮಲಗಿರುವಾಗ ನೋಡಲು ಕೇಳಬಹುದು.